ಕೀಲಿ ಕೊಡುವುದು

ತಗೋ ತುಳಜಾ, ಮೂರು ಕೀಲಿ.
ಉದ್ದದ್ದು ಬಳೇಪೇಟೆಯ ಈ ಮಹಡಿ ಬಾಗಿಲಿಗೆ,
ಸಣ್ಣದು ತಟ್ಟೆಗಳ ಬೀರುವಿಗೆ,
ಸೊಟ್ಟಗಿರುವುದು ಹಾಡುವ ಪೆಟ್ಟಿಗೆಯದು.
ಅದನ್ನು ಕೊಡುವುದೆಂದರೆ ತಿರುಗಿಸುವುದು,
ನಿನಗೆ ಹೇಳಬೇಕೇ.

ಹಾಜರಿ ಪುಸ್ತಕದಲ್ಲಿ ನಲವತ್ತೊಂದು ಹೆಸರುಗಳಿವೆ.
ನಂಬಬೇಡ.
ಹದಿನಾಲ್ಕರ ಮೇಲೆ ನಾನೇ ಕೆಂಪು ಗೆರೆ ಎಳೆದಿದ್ದೇನೆ,
ಇನ್ನೊಂಬತ್ತರ ಮೇಲೆ ಎಳೆಯಲು ಕೈ ಬಂದಿಲ್ಲ.
ಎರಡನೇ ಭಾನುವಾರ ಮೆಟ್ಟಿಲು ಹತ್ತುವವರು ಏಳು,
ಮಳೆ ಬಂದರೆ ನಾಲ್ಕು,
ವಡೆ ತರಿಸುತ್ತೇವೆಂದರೆ ಹನ್ನೊಂದು.

ಮೊದಮೊದಲು ನಾನೂ ಏನೇನೋ ಮಾಡಿದೆ.
ಕರಪತ್ರ ಅಚ್ಚು ಹಾಕಿಸಿ, ಅವೆನ್ಯೂ ರಸ್ತೆಯ
ಹಳೇ ಪುಸ್ತಕಗಳೊಳಗೆ ಒಂದೊಂದಾಗಿ ಸಿಕ್ಕಿಸಿ ಬಂದೆ.
ಹಿತ್ತಾಳೆ ಕಹಳೆಯನ್ನು ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು
ಹನುಮಂತನಗರದ ಶಾಲೆಯೊಂದಕ್ಕೆ ಹೋದೆ.
ಮಕ್ಕಳು ಅದರೊಳಗೆ ತಲೆ ತೂರಿಸಿ ಕೂಗಿದರು.
ಅಷ್ಟು ಚೆನ್ನಾಗಿ ಅದು ಎಂದೂ ಹಾಡಿರಲಿಲ್ಲ.
ಎಷ್ಟು ಜನ ಸಿಕ್ಕರು ಎಂದರು ಸಮಿತಿಯವರು.
ನೆಗ್ಗು ಮೂರು, ಸದಸ್ಯರು ಸೊನ್ನೆ.

ಬರುವವರು ಹೇಗೋ ಬರುತ್ತಾರೆ. ಯಾಕೆ ಹೋಗುತ್ತಾರೆ, ಅದನ್ನು ಬರೆದುಕೋ.
ಡೆನ್ಜಿಲ್ ತನ್ನ ಮೇಣದ ಉರುಳೆಯ ಯಂತ್ರವನ್ನು
ಬಟ್ಟೆ ಸರಿಸಿ ತೋರಿಸಿ ಮತ್ತೆ ಮುಚ್ಚುತ್ತಾನೆ;
ಮುಟ್ಟಬೇಡಿ ಎನ್ನುವ ಮೊದಲೇ ಹೊಸಬರ ಕೈ ಜೇಬಿಗೆ ಹೋಗುತ್ತದೆ.
ಜೇಬಿಗೆ ಹೋದ ಕೈ ಮುಂದಿನ ತಿಂಗಳು ಬರುವುದಿಲ್ಲ.
ಮುನಿಚೌಡಪ್ಪನವರು ಹಾಡು ಮುಗಿಯುವುದರೊಳಗೆ ಅದರ ಬೆಲೆ ಹೇಳುತ್ತಾರೆ,
ಇಂಥವು ಊರಲ್ಲಿ ಎರಡೇ, ಇನ್ನೊಂದೂ ತಮ್ಮದೇ.
ಮಾಲೂರಿನಿಂದ ಬಂದಿದ್ದ ಆ ಬಸ್ ಕಂಡಕ್ಟರು
ಚೀಲದಿಂದ ತಟ್ಟೆ ಹೊರಗೆ ತೆಗೆಯಲೇ ಇಲ್ಲ.
ಯಾವ ತಟ್ಟೆಯೋ.
ನಿದ್ದೆ ಬಾರದಾಗ ಈಗಲೂ ಯೋಚಿಸುತ್ತೇನೆ.

ಆಮೇಲೆ ನೀನು.
ಕೆಳಗಿನ ಹಾರ್ಮೋನಿಯಂ ಅಂಗಡಿಯಲ್ಲಿ ಭಾನುವಾರವೂ ಕೂತು
ಹಿತ್ತಾಳೆ ನಾಲಿಗೆಗಳನ್ನು ಉಜ್ಜಿ ಉಜ್ಜಿ ಶ್ರುತಿಗೆ ತರುತ್ತಿದ್ದವಳು
ಕೈಯಲ್ಲಿ ಅರ ಹಿಡಿದೇ ಮೇಲೆ ಬಂದು
ಬಾಗಿಲಲ್ಲಿ ನಿಂತು ಬೈದೆ:
"ಎರಡು ವರ್ಷದಿಂದ ಕೇಳ್ತಿದ್ದೀನಿ,
ನಿಮ್ಮ ಪೆಟ್ಟಿಗೆ ಅರ್ಧ ಸ್ವರ ಮೇಲೆ ಓಡ್ತಿದೆ.
ಆಯಮ್ಮ ಅಷ್ಟು ಅವಸರವಾಗಿ ಹಾಡಿರೋಲ್ಲ."

ನಾವು ಏಳು ಜನ, ಸಾವಿರದ ಚಿಲ್ಲರೆ ತಟ್ಟೆಗಳು,
ಒಬ್ಬರ ಕಿವಿಗೂ ಬಿದ್ದಿರಲಿಲ್ಲ.
ಡೆನ್ಜಿಲ್ ಬಾಯಿ ತೆರೆದ. ನಿಯಮ ಮೂರು:
ಸ್ವಂತ ಯಂತ್ರವಿಲ್ಲದವರು ಇಲ್ಲಿ ಕೂರುವಂತಿಲ್ಲ.
ಅಷ್ಟರಲ್ಲಿ ನೀನು ಕೂತಾಗಿತ್ತು,
ವೇಗದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿಯಾಗಿತ್ತು.
ಆ ಹೆಂಗಸಿನ ದನಿ ಒಂದು ಮೆಟ್ಟಿಲು ಇಳಿದು ಬಂದು
ನಮ್ಮ ನಡುವೆ ಚಾಪೆಯ ಮೇಲೆ ಉಸ್ಸೆಂದು ಕೂತಿತು.
ಹಾಡು ಮುಗಿದ ಮೇಲೆ, ಆ ಕಾಲದವರ ರೂಢಿಯಂತೆ,
ತನ್ನ ಹೆಸರು ಹೇಳಿತು.
ಅದೊಂದು ಕೀಚಲು ಅಂದುಕೊಂಡಿದ್ದೆವು ಇಷ್ಟು ವರ್ಷ.
ಹೆಸರು ಎಂದು ಅವತ್ತೇ ತಿಳಿದದ್ದು.

ಮೂರನೇ ನಿಯಮದ ಹಾಳೆಯಲ್ಲಿ ವಡೆಯ ಎಣ್ಣೆ ಒರೆಸಿದ್ದು ನಾನೇ.

ಇನ್ನೇನು? ಮುಳ್ಳು ಉಳಿಸಲು ಹೋಗಬೇಡ,
ಒಂದು ಹಾಡಿಗೆ ಒಂದು, ಆಮೇಲೆ ಡಬ್ಬಿಗೆ;
ಮುಳ್ಳಿನಲ್ಲಿ ಜಿಪುಣತನ ಮಾಡಿದವನ ತಟ್ಟೆ ಬೂದಿ ಉಗುಳುತ್ತದೆ.
ಚಂದಾ ಕೇಳುವುದನ್ನು ಮೂರನೇ ಭೇಟಿಯವರೆಗೆ ಮರೆತುಬಿಡು.
ಮತ್ತೆ, ಹಾಡಿನ ನಡುವೆ ಒಮ್ಮೊಮ್ಮೆ ಸ್ಪ್ರಿಂಗು ಸಡಿಲವಾಗುತ್ತದೆ,
ಗಾಯಕನ ಗಂಟಲು ಕೋಣನ ಹಾಗೆ ಜೋಲುತ್ತದೆ.
ಆಗ ನೀನು ಏಳಬೇಡ, ನಿನಗೆ ಕಷ್ಟ, ಗೊತ್ತು,
ಆದರೂ ಏಳಬೇಡ.
ಹೊಸಬರು ಒಬ್ಬರನ್ನೊಬ್ಬರು ನೋಡುತ್ತಾರೆ.
ಯಾರೋ ಒಬ್ಬರು ತಡೆಯಲಾರದೆ ಎದ್ದು ಹೋಗಿ
ಸೊಟ್ಟ ಕೀಲಿಗೆ ಕೈ ಹಾಕುತ್ತಾರೆ.
ಅವರ ಹೆಸರು ಕೇಳಿ ಬರೆದುಕೋ.

ಮುಂದಿನ ತಿಂಗಳು ನಾನೂ ಬರುತ್ತೇನೆ, ಬರೀ ಸದಸ್ಯನಾಗಿ.
ವಡೆ ತರಿಸುತ್ತೀ ತಾನೆ?